ಪೊಟ್ಯಾಶಿಯಂ ಏರಿಸಿದ ಚಳಿ: ಒಬ್ಬ ಲ್ಯಾಬ್ ತಂತ್ರಜ್ಞನ ಅನುಭವ

ಮಡಿಕೇರಿಯ ಒಂದು ಸಣ್ಣ ಲ್ಯಾಬಿಗೆ ತಂತ್ರಜ್ಞನಾಗಿ ಸೇರಿದಾಗ, ರಕ್ತದ ಮಾದರಿ ಕೆಡುವುದು ಸೆಕೆಯಿಂದ ಮಾತ್ರ ಎಂದು ನಾನು ನಂಬಿದ್ದೆ. ನಾಪೋಕ್ಲು, ಭಾಗಮಂಡಲದ ನಮ್ಮ ಎರಡು ಸಂಗ್ರಹ ಕೇಂದ್ರಗಳಲ್ಲಿ ಸಂಜೆ ತೆಗೆದ ರಕ್ತವನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಐಸ್ ಪ್ಯಾಕ್ ತುಂಬಿದ ಡಬ್ಬಿಯಲ್ಲಿ ಬಸ್ಸಿಗೆ ಹಾಕಿ ಕಳುಹಿಸಿ ಎಂದು ಅಲ್ಲಿಯ ಹುಡುಗರಿಗೆ ಹೇಳಿಕೊಟ್ಟವನೂ ನಾನೇ.

ಒಂದು ಜನವರಿಯಲ್ಲಿ, ಒಂದೇ ವಾರದಲ್ಲಿ ಮೂವರ ಪೊಟ್ಯಾಶಿಯಂ ಸಹಜಕ್ಕಿಂತ ಹೆಚ್ಚಾಗಿ 6ರ ಹತ್ತಿರ ಬಂತು. ಅವರಲ್ಲೊಬ್ಬಳ ವೈದ್ಯರು ಫೋನ್ ಮಾಡಿ, "ಏನ್ರೀ, ಈಕೆ ನಿನ್ನೆವರೆಗೂ ತೋಟದಲ್ಲಿ ಕಾಫಿ ಕುಯ್ದಿದ್ದಾಳೆ, ಇಸಿಜಿ ಸರಿಯಿದೆ, ಮೂತ್ರಪಿಂಡದ ಕ್ರಿಯಾಟಿನಿನ್ ಸರಿಯಿದೆ, ನಿಮ್ಮ ಪೊಟ್ಯಾಶಿಯಂ ಒಂದೇ ಯಾಕೆ ಹೀಗೆ?" ಎಂದು ಕೇಳಿದರು. ಕಣದೊಳಗಿನ ಪೊಟ್ಯಾಶಿಯಂ ರಕ್ತಕಣ ಒಡೆದು ಹೊರಬಂದಿದ್ದರೆ ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ, ಕೆಂಪಾಗಬೇಕಿತ್ತು. ನನ್ನ ಕೈಯಲ್ಲಿದ್ದದ್ದು ತಿಳಿ ಹಳದಿಯಾಗಿಯೇ ಇತ್ತು. ಆ ತಿಳಿ ಬಣ್ಣವನ್ನು ನಂಬಿಯೇ ಮೂರೂ ವರದಿಗಳಿಗೆ ಸಹಿ ಹಾಕಿದ್ದೆ. ಮತ್ತೆ ರಕ್ತ ತೆಗೆದು ತಡಮಾಡದೆ ಸೀರಮ್ ಬೇರ್ಪಡಿಸಿದಾಗ ಆಕೆಯ ಪೊಟ್ಯಾಶಿಯಂ 4.3 ಬಂತು. ಆಕೆಯ ಒಂದು ದಿನದ ಕೂಲಿ ಹೋಗಿತ್ತು.

ಆ ಸಂಜೆ ನನ್ನದೇ ರಕ್ತವನ್ನು ಎರಡು ಟ್ಯೂಬುಗಳಲ್ಲಿ ತೆಗೆದೆ. ಒಂದನ್ನು ಹೆಪ್ಪುಗಟ್ಟಿದ ಕೂಡಲೇ, ಸೀರಮ್ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ, ಇನ್ನೊಂದನ್ನು ಹಾಗೆಯೇ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತಿರುಗಿಸಿದೆ. ಮೊದಲನೆಯದು 4.1, ಎರಡನೆಯದು 5.7. ಕೆಂಪು ರಕ್ತಕಣದ ಪೊರೆಯಲ್ಲಿರುವ, ಸೋಡಿಯಂ ಹೊರಹಾಕಿ ಪೊಟ್ಯಾಶಿಯಂ ಒಳಗೆಳೆಯುವ ಪಂಪು ಚಳಿಗೆ ಮಂದವಾಗುತ್ತದೆ. ಕಣ ಒಡೆಯದೆಯೇ ಪೊಟ್ಯಾಶಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಪಠ್ಯದಲ್ಲಿ ಓದಿದ್ದೇ, ಆದರೆ ನನ್ನ ರಕ್ತದಲ್ಲೇ ಕಾಣುವವರೆಗೆ ಅದು ಮನಸ್ಸಿಗೆ ನಾಟಿರಲಿಲ್ಲ.

ನಂತರ ಎರಡೂ ಕೇಂದ್ರಗಳಿಗೆ ಒಂದೊಂದು ಸಣ್ಣ ಸೆಂಟ್ರಿಫ್ಯೂಜ್ ಕೊಡಿಸಿದೆವು. ಎರಡು ಗಂಟೆಯೊಳಗೆ ಸೀರಮ್ ಬೇರ್ಪಡಿಸಿ, ಆಮೇಲಷ್ಟೇ 2ರಿಂದ 8 ಡಿಗ್ರಿಯಲ್ಲಿಡಬೇಕೆಂದು ನಿಯಮ ಮಾಡಿದೆವು. ಇಲ್ಲಿಯೂ ನಮ್ಮ ಹವೆ ಅಡ್ಡ ಬಂತು. ಹೆಪ್ಪುಗಟ್ಟಲು ಕೊಠಡಿಯ ಉಷ್ಣಾಂಶದಲ್ಲಿ ಅರ್ಧ ಗಂಟೆ ಎನ್ನುವ ಪುಸ್ತಕದ ಕೊಠಡಿ 20ರಿಂದ 25 ಡಿಗ್ರಿಯದು. ನಮ್ಮ ಮೇಜಿನ ಮೇಲಿನ ಥರ್ಮಾಮೀಟರ್ ಚಳಿಗಾಲದ ಬೆಳಿಗ್ಗೆ 15 ತೋರಿಸುತ್ತಿತ್ತು, ಚಳಿಗೆ ಹೆಪ್ಪುಗಟ್ಟುವುದು ನಿಧಾನ. ಅವಸರದಲ್ಲಿ ತಿರುಗಿಸಿದ ಸೀರಮ್‌ನಲ್ಲಿ ನೂಲಿನಂಥ ಫೈಬ್ರಿನ್ ಎಳೆಗಳು ಉಳಿದು ಯಂತ್ರದ ಸೂಜಿಗೆ ಸಿಕ್ಕಿಕೊಂಡವು. ಈಗ ಚಳಿಗಾಲದಲ್ಲಿ ಮುಕ್ಕಾಲು ಗಂಟೆ ಕಾಯುತ್ತೇವೆ.

ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಬಳಸುವ ನೀಲಿ ಮುಚ್ಚಳದ ಟ್ಯೂಬನ್ನು ಫ್ರಿಜ್‌ನ ಹತ್ತಿರವೂ ಬಿಡುವುದಿಲ್ಲ. ಚಳಿಯಲ್ಲಿ ಹೆಪ್ಪುಗಟ್ಟಿಸುವ ಏಳನೆಯ ಘಟಕ (ಫ್ಯಾಕ್ಟರ್ VII) ಚುರುಕಾಗಿ ಪ್ರೋಥ್ರಾಂಬಿನ್ ಸಮಯ, ಅಂದರೆ ಪರೀಕ್ಷೆಯಲ್ಲಿ ಹೆಪ್ಪುಗಟ್ಟಲು ಹಿಡಿಯುವ ಸಮಯ, ಇದ್ದದ್ದಕ್ಕಿಂತ ಕಡಿಮೆ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ರಕ್ತಕಣ ಎಣಿಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎಂಸಿಎಚ್‌ಸಿ (ಕೆಂಪು ಕಣಗಳಲ್ಲಿನ ಹಿಮೋಗ್ಲೋಬಿನ್ ಸಾಂದ್ರತೆ) 37, 38 ಎಂದು ಅಸಹಜವಾಗಿ ಹೆಚ್ಚು ಬಂದರೆ, ಚಳಿಗೆ ಕಣಗಳು ಅಂಟಿಕೊಂಡಿವೆಯೇನೋ ಎಂದು 37 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಚ್ಚಗಿಟ್ಟು ಮತ್ತೆ ಓಡಿಸುತ್ತೇನೆ.

ಸಕ್ಕರೆಯ ಕಥೆ ಮಾತ್ರ ಉಲ್ಟಾ. ಬೇರ್ಪಡಿಸದೆ ಬಿಟ್ಟ ಸಾದಾ ಟ್ಯೂಬಿನಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸನ್ನು ರಕ್ತಕಣಗಳೇ ತಿಂದುಬಿಡುತ್ತವೆ, ತಂಪು ಅದನ್ನು ತಡೆಯುತ್ತದೆ. ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿರುವ ಫ್ಲೋರೈಡ್ ಕೂಡ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಹಿಡಿಯುತ್ತದೆ. ಆದ್ದರಿಂದ ನಮ್ಮ ಡಬ್ಬಿಗೆ ಈಗ ಎರಡು ಖಾನೆ: ಸೀರಮ್ ಮತ್ತು ಬೂದು ಟ್ಯೂಬಿಗೆ ತಂಪಿನದು, ನೀಲಿ, ನೇರಳೆಗೆ ಐಸ್ ಇಲ್ಲದ್ದು. ತಂಪಿನ ಖಾನೆಯಲ್ಲೂ ಟ್ಯೂಬು ನೇರವಾಗಿ ಐಸ್ ಪ್ಯಾಕಿಗೆ ತಾಗದಂತೆ ನಡುವೆ ಮಡಿಸಿದ ಬಟ್ಟೆ ಇಡುತ್ತಾರೆ.