ಒಮಾಹಾ ಹೈ-ಲೋ: ಕೈಗೆ ಬಂದ ನಾಲ್ಕು ಎಲೆ ಆಡಬೇಕಾ, ಬಿಡಬೇಕಾ?

ಎಕ್ಕ, 2, ರಾಜ, 9. ಒಮಾಹಾ ಹೈ-ಲೋ ಪೋಕರ್‌ನಲ್ಲಿ ಈ ನಾಲ್ಕು ಎಲೆ ಬಂದರೆ ಹೊಸಬರು ಹಿಗ್ಗುತ್ತಾರೆ. ಎಕ್ಕ, 2 ಎರಡೂ ಇದೆಯಲ್ಲ! ಹಿಗ್ಗಿದ್ದು ತಪ್ಪಲ್ಲ. ಆದರೆ 9ರ ಜಾಗದಲ್ಲಿ 3 ಇದ್ದಿದ್ದರೆ ಕೈಯ ಬಲವೇ ಬೇರೆ. ಅದು ಹೇಗೆ ಅಂತ ತಿಳಿದರೆ ಈ ಆಟದ ಅರ್ಧ ಗುಟ್ಟು ಸಿಕ್ಕ ಹಾಗೆ.

ಮೊದಲು ನಿಯಮ. ಪ್ರತಿಯೊಬ್ಬರಿಗೂ 4 ಎಲೆ. ಎಲ್ಲರಿಗೂ ಸೇರಿ ಮೇಜಿನ ಮೇಲೆ 5 ಎಲೆ ತೆರೆಯುತ್ತಾರೆ: ಮೊದಲು 3, ಆಮೇಲೆ 1, ಕೊನೆಗೆ 1. ಕೈಯಿಂದ ಸರಿಯಾಗಿ 2, ಮೇಜಿನಿಂದ ಸರಿಯಾಗಿ 3 ತೆಗೆದುಕೊಂಡು ಐದರ ಕೈ ಕಟ್ಟಬೇಕು. ಪಾಟ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿ ಮಧ್ಯಕ್ಕೆ ಹಾಕಿದ್ದರಲ್ಲಿ, ಅರ್ಧ ದೊಡ್ಡ ಕೈಗೆ, ಅಂದರೆ ಹೈಗೆ. ಇನ್ನರ್ಧ ಚಿಕ್ಕ ಕೈಗೆ, ಅಂದರೆ ಲೋಗೆ. ಲೋ ಆಗಲು ಐದೂ ಎಲೆ ಬೇರೆ ಬೇರೆ ಇರಬೇಕು, ಯಾವುದೂ 8 ದಾಟಬಾರದು. ಲೋ ಲೆಕ್ಕದಲ್ಲಿ ಎಕ್ಕ ಅಂದರೆ 1. ಯಾರಿಗೂ ಲೋ ಆಗದಿದ್ದರೆ ಇಡೀ ಪಾಟ್ ಹೈಗೆ.

ಈ ‘ಸರಿಯಾಗಿ 2’ ಅನ್ನುವುದನ್ನು ಮರೆತೇ ಹೆಚ್ಚಿನವರು ಸೋಲುವುದು. ಕೈಯಲ್ಲಿ ಆಟೀನ್ ಎಕ್ಕ ಒಂದೇ ಇದೆ, ಮೇಜಿನ ಮೇಲೆ ನಾಲ್ಕು ಆಟೀನ್ ಬಿದ್ದಿವೆ ಅಂದುಕೊಳ್ಳಿ. ಫ್ಲಶ್, ಅಂದರೆ ಐದೂ ಒಂದೇ ಸೂಟಿನ (ಆಟೀನ್, ಇಸ್ಪೀಟಿನಂಥ ಒಂದೇ ಗುರುತಿನ) ಕೈ, ಆಗುವುದಿಲ್ಲ! ಕೈಯಲ್ಲಿ ಎರಡು ಆಟೀನ್ ಇರಲೇಬೇಕು. ಹಾಗೆಯೇ ಮೂರು ರಾಣಿ ಬಂದರೆ ಕುಣಿಯಬೇಡಿ. ಎರಡೇ ಕೆಲಸಕ್ಕೆ ಬರುವುದು, ಮೂರನೆಯದು ಸುಮ್ನೆ ಕೂತಿರುತ್ತದೆ. ಅಷ್ಟೇ ಅಲ್ಲ, ನಿಮಗೆ ಬರಬೇಕಿದ್ದ ರಾಣಿಯನ್ನು ನೀವೇ ಹಿಡಿದು ಕೂತಿದ್ದೀರಿ.

ಹಾಗಾಗಿ ಎಲೆ ಬಂದ ತಕ್ಷಣ ನಾನು ಮಾಡುವ ಕೆಲಸ ಜೋಡಿ ಎಣಿಸುವುದು. ನಾಲ್ಕು ಎಲೆಯಲ್ಲಿ ಆರು ಜೋಡಿ ಆಗುತ್ತವೆ. ಎಕ್ಕ-2-ರಾಜ-9 ತೆಗೆದುಕೊಳ್ಳಿ. ಎಕ್ಕ-2 ಚಿನ್ನ. ಎಕ್ಕ-ರಾಜ ಒಂದೇ ಸೂಟ್ ಆಗಿದ್ದರೆ ಚೆನ್ನ. 9ರ ಮೂರು ಜೋಡಿಯಲ್ಲಿ ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ನಾಲ್ಕು ಎಲೆ ಹಿಡಿದವರ ಎದುರು ನೀವು ಮೂರೇ ಎಲೆಯಲ್ಲಿ ಆಡುತ್ತಿದ್ದೀರಿ, ಅಲ್ವಾ?

ಈಗ 3ರ ವಿಷಯಕ್ಕೆ ಬರೋಣ. ಮೇಜಿನ ಮೇಲೆ 4-7-8 ಬಿತ್ತು. ನಿಮ್ಮ ಎಕ್ಕ-2 ಸೇರಿ 8-7-4-2-ಎಕ್ಕ ಆಯಿತು. ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಲೋ ಇಲ್ಲ. ಮುಂದಿನ ಎಲೆ 2. ನಿಮ್ಮ ಲೋ ಇದ್ದಲ್ಲೇ ಇದೆ. ಆದರೆ ಎಕ್ಕ-3 ಹಿಡಿದವರು ಮೇಜಿನ 2-4-7 ಸೇರಿಸಿ 7-4-3-2-ಎಕ್ಕ ಮಾಡಿಕೊಂಡು ನಿಮ್ಮನ್ನು ದಾಟಿಬಿಟ್ಟರು. ನಿಮ್ಮ ಕೈಯಲ್ಲೂ 3 ಇದ್ದಿದ್ದರೆ ಅದೇ ಲೋ ನಿಮ್ಮದೂ ಆಗುತ್ತಿತ್ತು. ಎಕ್ಕ-2ಕ್ಕೆ 3 ಅಥವಾ 4ರ ಕಾವಲು ಇರಬೇಕು ಅನ್ನುವುದು ಇದಕ್ಕೇ.

ಲೋ ಒಂದನ್ನೇ ನಂಬಿ ಆಡುವುದರಲ್ಲಿ ಇನ್ನೊಂದು ಪೆಟ್ಟಿದೆ. ನಮ್ಮ ಮನೆಯಲ್ಲಿ ಹುಣಸೆ ಬೀಜ ಇಟ್ಟು ಆಡುತ್ತೇವೆ, ಅದರಲ್ಲೇ ಲೆಕ್ಕ ಹೇಳುತ್ತೇನೆ. ಮೂವರು ತಲಾ 20 ಬೀಜ ಹಾಕಿದರು. ಪಾಟ್ 60. ಹೈ ಗೆದ್ದವರು 30 ಎತ್ತಿಕೊಂಡರು. ಉಳಿದ ಇಬ್ಬರ ಹತ್ತಿರವೂ ಎಕ್ಕ-2, ಒಂದೇ ಲೋ. ತಲಾ 15. ಎಲ್ಲಕ್ಕಿಂತ ಒಳ್ಳೆಯ ಲೋ ಹಿಡಿದೂ 5 ಬೀಜ ಕೈಬಿಟ್ಟಿತು! ಈ ಕಾಲು ಪಾಲಿನ ಪೆಟ್ಟು ತಪ್ಪಬೇಕಾದರೆ ಅದೇ ಕೈಗೆ ಹೈ ಗೆಲ್ಲುವ ದಾರಿಯೂ ಇರಬೇಕು. ಎಕ್ಕದ ಸೂಟಿನದೇ ಇನ್ನೊಂದು ಎಲೆ ಇರಲಿ, ಇಲ್ಲವೇ ಎರಡು ಎಕ್ಕ ಇರಲಿ. ಅದಕ್ಕೇ ಈ ಆಟದ ರಾಜಯೋಗ ಅಂದರೆ ಎಕ್ಕ-ಎಕ್ಕ-2-3, ಒಂದು ಎಕ್ಕದ ಸೂಟಿನದೇ 2, ಇನ್ನೊಂದು ಎಕ್ಕದ ಸೂಟಿನದೇ 3.

ಎಕ್ಕವೇ ಇಲ್ಲದ ಕೈ? ರಾಜ-ರಾಣಿ-ಗುಲಾಮ-10 ಆಡಬಹುದು. ಮೇಜಿನ ಮೇಲೆ ಮೂರು ದೊಡ್ಡ ಎಲೆ ಬಿದ್ದರೆ ಲೋ ಆಗುವುದೇ ಇಲ್ಲ, ಇಡೀ ಪಾಟ್ ನಿಮ್ಮದಾಗಬಹುದು. ಮೊದಲ ಮೂರೂ ಚಿಕ್ಕ ಎಲೆ ಬಿದ್ದರೆ ಮಾತ್ರ ಮರುಮಾತಿಲ್ಲದೆ ಎಸೆಯಿರಿ. ನಿಜವಾದ ಬಲೆ 9-8-7-6. ನೋಡಲು ಸಾಲಾಗಿ ಚೆಂದ. ಆದರೆ ಇದಕ್ಕೆ ಸ್ಟ್ರೈಟ್ (ಸಾಲಾಗಿ ಬರುವ ಐದು ಎಲೆ) ಕೂಡಿಸುವ 5-6-7ರಂಥ ಎಲೆಗಳೇ ಬೇರೆಯವರಿಗೆ ಲೋ ಮಾಡಿಕೊಡುತ್ತವೆ. ನಿಮಗೆ ಅರ್ಧ ಮಾತ್ರ. ದೊಡ್ಡ ಎಲೆ ಬಿದ್ದಾಗ ಇನ್ನೂ ದೊಡ್ಡ ಸ್ಟ್ರೈಟ್ ಎದುರಿಗಿರುತ್ತದೆ. ನಾನಂತೂ ಇದನ್ನು ಆಡುವುದಿಲ್ಲ.

ಬಾಜಿ ಕಟ್ಟುವ ಸರದಿ ಕೊನೆಗೆ ಬಂದರೆ ಕೊಂಚ ಕಡಿಮೆ ಬಲದ ಕೈಯನ್ನೂ ಆಡಬಹುದು, ಮೊದಲೇ ಬಂದರೆ ಬಲವಾದ ಕೈ ಮಾತ್ರ.

ಒಟ್ಟು 2,70,725 ಬಗೆಯ ಕೈ ಬರಬಹುದು. ಅದರಲ್ಲಿ ಎಕ್ಕ, 2 ಎರಡೂ ಇರುವುದು 17,316. ನೂರಕ್ಕೆ ಆರೇಳು ಅಷ್ಟೇ. ಅಂದರೆ ಬಿಡುವ ಕೈಗಳೇ ಜಾಸ್ತಿ, ಅದಕ್ಕೆ ಬೇಜಾರು ಬೇಡ.

ಕಲಿಯಲು ದುಡ್ಡು ಬೇಕಿಲ್ಲ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಒಂದು ಕಟ್ಟು ಇಸ್ಪೀಟೆಲೆ ಸಾಕು. ಕಲಸಿ, ನಾಲ್ಕು ಎಲೆ ಹಾಕಿಕೊಳ್ಳಿ. ಆರು ಜೋಡಿ ಎಣಿಸಿ ‘ಆಡು’ ಅಥವಾ ‘ಬಿಡು’ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಐದು ಎಲೆ ತೆರೆಯಿರಿ. ಬಿಟ್ಟ ಕೈಗೂ ತೆರೆದು ನೋಡಿ. ಲೋ ಎಷ್ಟು ಸಲ ಆಯಿತು, ಹೈ ಎಷ್ಟು ಸಲ ಆಯಿತು ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ.