ಎಡ್‌ಲಿನ್ ಮತ್ತು ಹನ್ನೆರಡು ಮಷಿನ್‌ಗಳು

"ಸರ್, ಮತ್ತೆ ಅದೇ ಎರರ್ ಬಂತು" ಎಂದು ಹುಡುಗರು ಕರೆದಾಗ ಸ್ಕ್ರೀನಿನ ಮೇಲೆ ಇದ್ದದ್ದು 'ಟೂ ಮೆನಿ ಫೈಲ್ಸ್ ಆರ್ ಓಪನ್'. 1989ರ ಮಾತು. ಹುಬ್ಬಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಲ್ಯಾಬ್ ನನ್ನ ಜವಾಬ್ದಾರಿಯಲ್ಲಿತ್ತು. ಹನ್ನೆರಡು ಪಿಸಿ-ಎಕ್ಸ್‌ಟಿಗಳು, 640 ಕೆಬಿ ಮೆಮೊರಿ, 20 ಎಂಬಿ ಹಾರ್ಡ್ ಡಿಸ್ಕ್, ಮಷಿನ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಡಾಸ್ 3.3. ಡೇಟಾಬೇಸ್ ಕಲಿಸಲು ಬಳಸುತ್ತಿದ್ದ ಡಿಬೇಸ್ ತ್ರೀ ಪ್ಲಸ್ ಸರಿಯಾಗಿ ನಡೆಯಬೇಕಾದರೆ, ಮಷಿನ್ ಶುರುವಾಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ 'ಫೈಲ್ಸ್=20' ಎಂದಿರಬೇಕು, ಅಂದರೆ ಒಟ್ಟಿಗೆ ಇಪ್ಪತ್ತು ಫೈಲು ತೆರೆಯಲು ಅವಕಾಶ. ನಮ್ಮ ಮಷಿನ್‌ಗಳಲ್ಲಿ ಇದ್ದದ್ದು 'ಫೈಲ್ಸ್=8'. ತಿದ್ದಬೇಕಾದದ್ದು ಒಂದೇ ಸಾಲು, ಆದರೆ ಹನ್ನೆರಡು ಕಡೆ.

ಪತ್ರ, ವರದಿ ಟೈಪ್ ಮಾಡುವ ವರ್ಡ್‌ಸ್ಟಾರ್‌ನಲ್ಲಿ ಒಮ್ಮೆ ತಿದ್ದಿ ಪೆಟ್ಟು ತಿಂದಿದ್ದೆವು. ಅದರ ಡಾಕ್ಯುಮೆಂಟ್ ಮೋಡ್ ಪದಗಳ ಕೊನೆಯ ಅಕ್ಷರದ ಎಂಟನೇ ಬಿಟ್ಟನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಆ ಫೈಲನ್ನು ಡಾಸ್ ಓದಲಾರದು. ಹಾಗೆ ಮಾಡದ ನಾನ್-ಡಾಕ್ಯುಮೆಂಟ್ ಮೋಡ್ ಇದೆ ನಿಜ, ಕಲಿಯುವ ಹುಡುಗರಿಗೆ ಅದು ನೆನಪಿರುವುದಿಲ್ಲ. ಉಳಿದದ್ದು ಡಾಸ್ ಜೊತೆಗೇ ಬರುತ್ತಿದ್ದ, ಫೈಲನ್ನು ಒಂದೊಂದೇ ಸಾಲಾಗಿ ತಿದ್ದುವ ಎಡಿಟರ್ ಎಡ್‌ಲಿನ್. ಟಿಮ್ ಪ್ಯಾಟರ್ಸನ್ ಅದನ್ನು 1980ರಲ್ಲಿ, ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿದ್ದಾಗ, ಡಾಸ್‌ನ ಮೂಲವಾದ 86-ಡಾಸ್‌ಗಾಗಿ ಎರಡು ವಾರದಲ್ಲಿ ಬರೆದದ್ದು. ಆರು ತಿಂಗಳು ಬಾಳಿದರೆ ಸಾಕು ಎಂಬ ಲೆಕ್ಕದಲ್ಲಿ ಮಾಡಿದ ತಾತ್ಕಾಲಿಕ ಏರ್ಪಾಡು ಅದು.

ಅದನ್ನು ಇಷ್ಟಪಟ್ಟು ಬಳಸಿದವರನ್ನು ನಾನು ನೋಡಿಲ್ಲ. ತೆರೆದರೆ ಒಂದು ನಕ್ಷತ್ರ ಚಿಹ್ನೆ ಬರುತ್ತದೆ, ಅಷ್ಟೇ. ಫೈಲಿನಲ್ಲಿ ಏನಿದೆ ಎಂದು ಕಾಣಬೇಕಾದರೆ 'ಎಲ್' ಒತ್ತಿ ಕೇಳಬೇಕು. ಐದನೇ ಸಾಲು ತಿದ್ದಲು 5 ಒತ್ತಿದರೆ ಹಳೆಯ ಸಾಲು ಮೇಲೆ, ಖಾಲಿ ಸಾಲು ಕೆಳಗೆ. ಎಫ್ 1 ಒತ್ತಿದಷ್ಟೂ ಹಳೆಯದು ಒಂದೊಂದೇ ಅಕ್ಷರ ಇಳಿಯುತ್ತದೆ, ಎಫ್ 3 ಒತ್ತಿದರೆ ಉಳಿದದ್ದೆಲ್ಲ ಒಟ್ಟಿಗೆ. ತಿದ್ದಿದ ಮೇಲೆ ಹೇಗಾಯಿತು ಎಂದು ನೋಡಲು ಮತ್ತೆ 'ಎಲ್'. ಕಣ್ಣು ಕಟ್ಟಿಕೊಂಡು ಗೋಡೆಗೆ ಸುಣ್ಣ ಬಳಿದ ಹಾಗೆ.

ಹುಡುಗರು ಎಡವುತ್ತಿದ್ದದ್ದು ಸಾಲಿನ ನಂಬರಿನಲ್ಲಿ. ಆ ನಂಬರು ಫೈಲಿನೊಳಗೆ ಇರುವುದಿಲ್ಲ, ಎಡ್‌ಲಿನ್ ಆಗಿಂದಾಗ್ಗೆ ಎಣಿಸಿ ತೋರಿಸುತ್ತದೆ. ಮೂರನೇ ಸಾಲು ಅಳಿಸಿದ ಕೂಡಲೇ ಎಂಟನೆಯದು ಏಳನೆಯದಾಗುತ್ತದೆ. ಕಾಗದದಲ್ಲಿ 3, 7, 12 ಎಂದು ಗುರುತು ಹಾಕಿಕೊಂಡು ಅದೇ ಕ್ರಮದಲ್ಲಿ ಅಳಿಸಿದವರು ಎರಡು ಒಳ್ಳೆಯ ಸಾಲು ಕಳೆದುಕೊಳ್ಳುತ್ತಿದ್ದರು. ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಕೆಳಗಿನಿಂದ ಮೇಲಕ್ಕೆ ಅಳಿಸುತ್ತ ಬನ್ನಿ ಎಂದು ನಾನು ಬೋರ್ಡಿನ ಮೇಲೆ ಬರೆದೇ ಇಟ್ಟಿದ್ದೆ. 12 ಮೊದಲು, ಆಮೇಲೆ 7, ಕೊನೆಗೆ 3.

ಹನ್ನೆರಡು ಮಷಿನ್‌ಗಳ ಮುಂದೆ ಕೂತು ಇದನ್ನೇ ಹನ್ನೆರಡು ಸಲ ಮಾಡುವ ಬದಲು ಇನ್ನೊಂದು ದಾರಿ ಹಿಡಿದೆ. ಎಡ್‌ಲಿನ್ ಕೀಲಿಮಣೆಯಿಂದ ಕೇಳುವುದನ್ನು ಡಾಸ್ ಮೂಲಕವೇ ಕೇಳುತ್ತದೆ. ಹಾಗಾಗಿ ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಬರೆದು, 'ಎಡ್‌ಲಿನ್ ಕಾನ್ಫಿಗ್.ಸಿಸ್' ಎಂಬುದರ ಮುಂದೆ < ಚಿಹ್ನೆ ಹಾಕಿ ಆ ಫೈಲಿನ ಹೆಸರು ಕೊಟ್ಟರೆ, ಕೈ ಹಚ್ಚದೆ ಕೆಲಸ ಮುಗಿಯುತ್ತದೆ. ವರ್ಡ್‌ಸ್ಟಾರ್‌ಗೆ ಹೀಗೆ ಉಣಿಸಲು ಬರುತ್ತಿರಲಿಲ್ಲ.

ಫೈಲಿಗೆ ಬೇಕಾದದ್ದು ಎರಡು ಸಾಲು. ಮೊದಲನೆಯದರಲ್ಲಿ 1, ಅದಕ್ಕೆ ಅಂಟಿದಂತೆ ಪದ ಬದಲಿಸುವ ಕಮಾಂಡ್ 'ಆರ್', ಹಳೆಯ ಪದ, ನಡುವೆ ಗಡಿಯಾಗಿ ಕಂಟ್ರೋಲ್-ಝಡ್, ಹೊಸ ಪದ. ಎರಡನೆಯದರಲ್ಲಿ ಬರೀ 'ಇ', ಅಂದರೆ ಉಳಿಸಿ ಹೊರಬಾ. ಆ 1 ಬಿಡಬಾರದು. ಬಿಟ್ಟರೆ ಈಗಿರುವ ಸಾಲಿನ ಮುಂದಿನ ಸಾಲಿನಿಂದ ಹುಡುಕಲು ಶುರುಮಾಡುತ್ತದೆ, ಮೊದಲ ಸಾಲಿನಲ್ಲೇ ಇರುವ 'ಫೈಲ್ಸ್' ಅದಕ್ಕೆ ಸಿಗುವುದಿಲ್ಲ. 'ಇ' ಮರೆತರೆ ಇನ್ನೂ ಕಷ್ಟ. ಓದಲು ಏನೂ ಉಳಿಯದೆ ಮಷಿನ್ ಅಲ್ಲೇ ನಿಂತುಬಿಡುತ್ತದೆ, ರೀಸೆಟ್ ಒಂದೇ ಗತಿ.

ತೊಡಕು ಬಂದದ್ದು ಕಂಟ್ರೋಲ್-ಝಡ್‌ನಲ್ಲಿ. ಟೈಪ್ ಮಾಡಲು ಹೋದರೆ ಎಡ್‌ಲಿನ್ ಅದನ್ನು 'ಇನ್ಸರ್ಟ್ ಮುಗಿಯಿತು', ಅಂದರೆ ಸಾಲು ಸೇರಿಸುವುದು ಮುಗಿಯಿತು ಎಂದು ತಿಳಿಯುತ್ತದೆ. ಅದನ್ನು ಅಕ್ಷರವಾಗಿ ಕೂರಿಸಲು ಮೊದಲು ಕಂಟ್ರೋಲ್-ವಿ ಒತ್ತಿ, ಆಮೇಲೆ ದೊಡ್ಡಕ್ಷರದ ಝಡ್ ಒತ್ತಬೇಕು. ಮ್ಯಾನುಯಲ್‌ನಲ್ಲಿ ಇದು ಸಿಗುವ ಹೊತ್ತಿಗೆ ಸಂಜೆಯಾಗಿತ್ತು.

ಮೊದಲ ಮಷಿನ್‌ನಲ್ಲಿ ಸರಿಹೋಯಿತು. ನಾಲ್ಕನೆಯದರಲ್ಲಿ 'ನಾಟ್ ಫೌಂಡ್' ಎಂದು ಬಂತು. ಫೈಲನ್ನು ತೋರಿಸುವ 'ಟೈಪ್' ಕಮಾಂಡ್ ಕೊಟ್ಟು ನೋಡಿದರೆ ಅಲ್ಲಿ ಯಾರೋ 'ಫೈಲ್ಸ್' ಎಂಬುದನ್ನು ಸಣ್ಣಕ್ಷರದಲ್ಲಿ ಬರೆದಿದ್ದರು. ಎಡ್‌ಲಿನ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಸಣ್ಣಕ್ಷರಕ್ಕೂ ಒಂದು ಸಾಲು ಸೇರಿಸೋಣ ಎಂದು ನನ್ನ ಕಮಾಂಡ್ ಫೈಲನ್ನು ಎಡ್‌ಲಿನ್‌ನಲ್ಲೇ ತೆರೆದೆ. ಕಂಡದ್ದು ಅರ್ಧ ಸಾಲು. ಒಳಗಿದ್ದ ಕಂಟ್ರೋಲ್-ಝಡ್ ಬಂದ ಕೂಡಲೇ ಅದು ಫೈಲ್ ಮುಗಿಯಿತೆಂದು ನಿಂತುಬಿಟ್ಟಿತ್ತು. ಗಾಬರಿಯಲ್ಲಿ, ಉಳಿಸದೆ ಹೊರಬರುವ 'ಕ್ಯೂ' ಬದಲು 'ಇ' ಒತ್ತಿದೆ, ಉಳಿದರ್ಧವೂ ಹೋಯಿತು.

ಆದರೆ ಎಡ್‌ಲಿನ್ ಉಳಿಸುವಾಗ ಹಳೆಯ ಫೈಲಿಗೆ 'ಬಿಎಕೆ' ಬಾಲ ಹಚ್ಚಿ ಪಕ್ಕಕ್ಕೆ ಇಡುತ್ತದೆ. ಬಿಎಕೆ ಫೈಲನ್ನು ಅದು ನೇರವಾಗಿ ತೆರೆಯಲು ಒಪ್ಪುವುದಿಲ್ಲ, 'ರೆನ್' ಕೊಟ್ಟು ಹೆಸರು ಬದಲಿಸಿಕೊಂಡೆ. ಈ ಸಲ ಹೆಸರಿನ ಮುಂದೆ /ಬಿ ಸೇರಿಸಿ ತೆರೆದೆ. ಆಗ ಅದು ಕಂಟ್ರೋಲ್-ಝಡ್ ದಾಟಿ ಇಡೀ ಫೈಲ್ ಓದುತ್ತದೆ. ಎರಡೂ ಸಾಲು ಕಂಡಾಗ ಆದ ಸಮಾಧಾನ ದೊಡ್ಡದು.

ರಾತ್ರಿ ಎಂಟರೊಳಗೆ ಹನ್ನೆರಡೂ ಮುಗಿದವು. ಫ್ಲಾಪಿ ಹಾಕು, ಒಂದು ಸಾಲು ಟೈಪ್ ಮಾಡು, ರೀಬೂಟ್ ಮಾಡು, ಮುಂದಿನ ಮೇಜಿಗೆ ನಡೆ. ಮರುದಿನ ಡಿಬೇಸ್ ತರಗತಿಯಲ್ಲಿ ಯಾರೂ ಕರೆಯಲಿಲ್ಲ.

1991ರಲ್ಲಿ ಬಂದ ಡಾಸ್ 5ರಲ್ಲಿ ಇಡೀ ಸ್ಕ್ರೀನಿನ ಎಡಿಟರ್ 'ಎಡಿಟ್' ಇತ್ತು. ಅದು ನಮ್ಮ ಲ್ಯಾಬಿಗೆ ಬಂದಾಗ ನಾನೂ ಖುಷಿಪಟ್ಟೆ, ಅದೇ ದಿನ ಹುಡುಗರಿಗೆ ತೋರಿಸಿದೆ. ಆದರೆ ಆ ಹನ್ನೆರಡು ಮಷಿನ್‌ಗಳಿಗೆ ಡಾಸ್ 5 ಹಾಕಿದ ಮೇಲೆ ಕಾನ್ಫಿಗ್.ಸಿಸ್‌ನ 'ಬಫರ್ಸ್' ಸಾಲು ತಿದ್ದಲು ತೆಗೆದದ್ದು ಅದೇ ಹಳೆಯ ಫ್ಲಾಪಿಯನ್ನು. ಕಮಾಂಡ್ ಫೈಲಿನಲ್ಲಿ ಹಳೆಯ ಪದ, ಹೊಸ ಪದ ಬದಲಿಸಿಕೊಂಡೆ, /ಬಿ ಹಾಕಿಯೇ.