ನಾಲ್ಕು ಪರ್ಸೆಂಟ್ ಮೇಲಿದ್ದ ದೆವ್ವ

ಊರಿಗೆ ಹೋದಾಗೆಲ್ಲ ನನ್ನ ಕೆಲಸ ಏನು ಅಂತ ವಿವರಿಸೋದೇ ಒಂದು ಕೆಲಸ. ಹಳೇ ಇಂಗ್ಲಿಷ್ ದೆವ್ವದ ಸಿನಿಮಾಗಳ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಟೇಪುಗಳನ್ನ ಹುಡುಕಿ, ರಿಪೇರಿ ಮಾಡಿ, ಸಿಡಿ ಮಾಡೋರಿಗೆ ರೆಡಿ ಮಾಡಿ ಕೊಡ್ತೀನಿ ಅಂದ್ರೆ ಚಿಕ್ಕಪ್ಪ "ಹಾಡೇ ಇಲ್ದಿರೋ ಸಿಡಿ ಯಾರೋ ದುಡ್ಡು ಕೊಟ್ಟು ತಗೋತಾರೆ" ಅಂತಾರೆ. ತಗೋತಾರೆ, ನಂಬಿ. ಬಹಳ ಜನ ಅಲ್ಲ, ಆದ್ರೆ ತಗೊಳ್ಳೋರು ಎಂಥ ಕಿವಿ ಇರೋರು ಅಂದ್ರೆ ಒಂದು ಸೆಕೆಂಡ್ ಕಟ್ ಆಗಿದ್ರೂ ಬಿಡಲ್ಲ.

ನಂಗೆ ಈ ಹುಚ್ಚು ಹತ್ತಿದ್ದು ಮೈಸೂರಲ್ಲಿ. ನಮ್ಮ ಬೀದಿ ಕೊನೇಲಿ ಒಂದು ವಿಡಿಯೋ ಕ್ಯಾಸೆಟ್ ಲೈಬ್ರರಿ ಇತ್ತು, ಅಲ್ಲಿಂದ ಅಣ್ಣ ಹ್ಯಾಮರ್ ಕಂಪನಿಯ 1958ರ ಡ್ರಾಕುಲಾ ತಂದಿದ್ದ. ಸಿನಿಮಾದಲ್ಲಿ ಹೆದರಿಕೆ ಆಗಿದ್ದಕ್ಕಿಂತ ಆ ಮ್ಯೂಸಿಕ್ಕೇ ಮೂರು ದಿನ ತಲೇಲಿ ಕೂತಿತ್ತು. ಜೇಮ್ಸ್ ಬರ್ನಾರ್ಡ್ ಅನ್ನೋರು ಬರೆದಿದ್ದು, ಡ್ರಾ-ಕು-ಲಾ ಅಂತ ಆ ಹೆಸರನ್ನೇ ಮೂರು ಸ್ವರ ಮಾಡಿ ಬ್ರಾಸ್ ಕೈಲಿ, ಅಂದ್ರೆ ತುತ್ತೂರಿ ಜಾತಿ ವಾದ್ಯಗಳ ಕೈಲಿ, ಕೂಗ್ಸಿದ್ದಾರೆ, ಅಷ್ಟು ಸರಳ. ಅದೇ ಬರ್ನಾರ್ಡ್ 1955ರಲ್ಲಿ ಕ್ವಾಟರ್‌ಮಾಸ್ ಸಿನಿಮಾಗೆ ಬರೀ ಸ್ಟ್ರಿಂಗ್ಸು (ಪಿಟೀಲು ಜಾತಿ ವಾದ್ಯ) ಮತ್ತೆ ಪರ್ಕಷನ್ (ಬಡಿಯೋ ವಾದ್ಯ) ಇಟ್ಕೊಂಡು ಸ್ಕೋರ್, ಅಂದ್ರೆ ಸಿನಿಮಾದ ಬ್ಯಾಕ್‌ಗ್ರೌಂಡ್ ಮ್ಯೂಸಿಕ್, ಮಾಡಿದ್ರು, ಹಾರರ್‌ಗೆ ಬರೀ ಪಿಟೀಲು ಅಂದ ತಕ್ಷಣ ಎಲ್ರೂ 1960ರ ಸೈಕೋ ಹೆಸರು ಹೇಳ್ತಾರೆ, ಐದು ವರ್ಷ ಮುಂಚೆನೇ ಇಲ್ಲೊಬ್ಬರು ಮಾಡಿದ್ರು ಅಂತ ಹೇಳಿ ಹೇಳಿ ನಂಗೆ ಸಾಕಾಗಿದೆ. ಇರ್ಲಿ. ಆ ಕ್ಯಾಸೆಟ್ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಈಗ ಇರೋದು ಲಂಡನ್ ಹೊರಗಡೆ, ಮನೆ ಗ್ಯಾರೇಜೇ ಸ್ಟುಡಿಯೋ. ಒಳಗೆ ಒಂದು ಸ್ಟೂಡರ್ ಎ80 ಟೇಪ್ ಮಷೀನು, ಅದನ್ನ ಎತ್ತಿ ಇಡೋಕೆ ಮೂರು ಜನ ಬೇಕಾದ್ರು, ಇನ್ನು ಅದು ಅಲ್ಲಿಂದ ಅಲ್ಲಾಡಲ್ಲ.

ಈ ಮ್ಯೂಸಿಕ್ ಯಾಕೆ ಕಳೆದೋಗತ್ತೆ ಅಂತ ಜನ ಕೇಳ್ತಾರೆ. ಯಾಕಂದ್ರೆ ಆಗ ಅದನ್ನ ಯಾರೂ ಮ್ಯೂಸಿಕ್ ಅಂತ ನೋಡ್ಲೇ ಇಲ್ಲ, ಸಿನಿಮಾ ಮುಗೀತು, ಮಿಕ್ಸ್ ಆಯ್ತು, ಇನ್ನು ಆ ಟೇಪು ಶೂಟಿಂಗ್ ಮುಗಿದ ಮೇಲೆ ಉಳಿದ ಸೆಟ್ಟಿನ ಹಲಗೆ ಇದ್ದಂಗೆ. ಅಮೆರಿಕಾದಲ್ಲಿ ಎಂಜಿಎಂನಂಥ ದೊಡ್ಡ ಸ್ಟುಡಿಯೋನೇ ಜಾಗ ಇಲ್ಲ ಅಂತ ಆರ್ಕೆಸ್ಟ್ರಾಗೆ ಸ್ವರ ಬರೆದ ತನ್ನ ಸ್ಕೋರು ಹಾಳೆಗಳನ್ನ ಕಸದ ಗುಂಡಿಗೆ ಹಾಕ್ತು, ಉಳಿದಿದ್ದು ಹೆಚ್ಚಾಗಿ ಎರಡು ಮೂರು ಸಾಲಿಗೆ ಇಳಿಸಿ ಬರೆದ ಪಿಯಾನೋ-ಕಂಡಕ್ಟರ್ ಹಾಳೆಗಳು. ಅಂಥ ಹಾಳೆ ಇಟ್ಕೊಂಡು, ಸಿನಿಮಾನ ನೂರು ಸಲ ಕೇಳಿ, ಯಾವ ವಾದ್ಯ ಎಲ್ಲಿ ಅಂತ ತಿರುಗಾ ಬರೆಯೋರು ಇದ್ದಾರೆ. ಜಾನ್ ಮಾರ್ಗನ್ ಮತ್ತೆ ವಿಲಿಯಂ ಸ್ಟ್ರಾಂಬರ್ಗ್ 1990ರ ದಶಕದಲ್ಲಿ ಮಾಸ್ಕೋ ಸಿಂಫನಿ ಆರ್ಕೆಸ್ಟ್ರಾ ಕೈಲಿ ಯೂನಿವರ್ಸಲ್‌ನ ಹಳೇ ಹಾರರ್ ಸ್ಕೋರುಗಳನ್ನ ಹಂಗೇ ಹೊಸದಾಗಿ ನುಡಿಸಿ ಮಾರ್ಕೋ ಪೋಲೋ ಅನ್ನೋ ಲೇಬಲ್ (ಸಿಡಿ ಕಂಪನಿ) ಮೇಲೆ ತಂದ್ರು, 1944ರ ಹೌಸ್ ಆಫ್ ಫ್ರಾಂಕನ್‌ಸ್ಟೈನ್ ಕೂಡ. ಮಾಸ್ಕೋ ಯಾಕೆ ಅಂದ್ರೆ ಖರ್ಚು ಕಮ್ಮಿ, ಅಮೆರಿಕಾದ ಹಳೇ ರೆಕಾರ್ಡಿಂಗನ್ನೇ ಹೊರಗೆ ತರಬೇಕು ಅಂದ್ರೆ ಅವತ್ತು ನುಡಿಸಿದವರಿಗೆಲ್ಲ ಯೂನಿಯನ್ ಮೂಲಕ ತಿರುಗಾ ದುಡ್ಡು ಕಟ್ಟಬೇಕಿತ್ತು. ಅದು ಅವರ ದಾರಿ, ಒಳ್ಳೇ ದಾರೀನೇ. ನನ್ನದು ಬೇರೆ, ಅವತ್ತಿನ ಟೇಪೇ ಸಿಕ್ಕರೆ ಅದರಲ್ಲಿ ಇರೋದು.

ಈಗ ಹೇಳ್ತಿರೋ ಸಿನಿಮಾ 60ರ ದಶಕದ ಶುರುವಿನ ಒಂದು ಬ್ರಿಟಿಷ್ ಹಾರರ್, ಹೆಸರು ಹೇಳಲ್ಲ, ಲೇಬಲ್‌ನವರ ಜೊತೆ ಹಂಗೆ ಮಾತಾಗಿದೆ. ಟೇಪುಗಳು ಕಳೆದೋಗಿವೆ ಅಂತಲೇ ಎಲ್ಲ ಕಡೆ ಬರೆದಿತ್ತು. ಕಳೆದೇ ಹೋಗಿರ್ಲಿಲ್ಲ. ಶೂಟಿಂಗ್ ಟೈಮಲ್ಲಿ ಸಿನಿಮಾಗೆ ಬೇರೆ ಟೈಟಲ್ ಇತ್ತು, ರಿಲೀಸ್ ಹೊತ್ತಿಗೆ ಬದಲಾಯ್ಸಿದ್ರು, ಡಬ್ಬಗಳ ಮೇಲೆ ಮಾತ್ರ ಹಳೇ ಹೆಸರೇ ಉಳೀತು, ಗೋಡೌನ್‌ನವರು ಅದನ್ನೇ ಲಿಸ್ಟ್ ಮಾಡಿ ಇಟ್ಟಿದ್ರು. ನಾವು ಹೊಸ ಹೆಸರು ಹಾಕಿ ಹುಡುಕ್ತಿದ್ವಿ, ಎಲ್ಲಿಂದ ಸಿಗತ್ತೆ? ಲೇಬಲ್ ಮಾಲೀಕರು ಒಂದು ಹಳೇ ಸಿನಿಮಾ ಪತ್ರಿಕೇಲಿ ಶೂಟಿಂಗ್ ಸುದ್ದಿ ಓದ್ತಾ ಇದ್ದಾಗ ಆ ಮೊದಲ ಟೈಟಲ್ ಕಣ್ಣಿಗೆ ಬಿತ್ತು, ಅವತ್ತು ರಾತ್ರಿ ಹನ್ನೊಂದಕ್ಕೆ ನಂಗೆ ಫೋನು.

ಡಬ್ಬ ತೆಗೆದ ತಕ್ಷಣ ವಿನೆಗರ್ ವಾಸನೆ ಮೂಗಿಗೆ ಹೊಡೀತು. ಇದು ಅಸಿಟೇಟ್ ಫಿಲ್ಮಿನ ರೋಗ, ಪ್ಲಾಸ್ಟಿಕ್ಕು ತಾನೇ ಕೊಳೀತಾ ಅಸಿಟಿಕ್ ಆಸಿಡ್ ಬಿಡತ್ತೆ, ಆ ಆಸಿಡ್ಡೇ ಇನ್ನಷ್ಟು ಕೊಳೆಸತ್ತೆ, ಪಕ್ಕದ ಡಬ್ಬಕ್ಕೂ ಅಂಟತ್ತೆ. ಶಬ್ದ ರೆಕಾರ್ಡ್ ಮಾಡೋ 35 ಎಂಎಂ ಮ್ಯಾಗ್ನೆಟಿಕ್ ಫಿಲ್ಮಿನ ರೀಲುಗಳು ಕುಗ್ಗಿ ಹಪ್ಪಳದ ತರ ಅಲೆ ಅಲೆಯಾಗಿದ್ವು, ಹಲ್ಲುಚಕ್ರಕ್ಕೆ ತೂತು ಕೂರೋ ಮಾತೇ ಇಲ್ಲ. ಅದೃಷ್ಟಕ್ಕೆ ರೆಕಾರ್ಡಿಂಗ್ ದಿನ ಜೊತೆಗೇ ಓಡ್ಸಿದ್ದ ಕಾಲಿಂಚಿನ ಟೇಪುಗಳು ಅದೇ ಪೆಟ್ಟಿಗೇಲಿ ಇದ್ವು, ಏಳು. ಎಂಟು ಇರಬೇಕಿತ್ತು.

ಕಾಲಿಂಚಿನ ಟೇಪು ಕೈಗೆ ಬಂದಾಗ ನಾನು ಮೊದಲು ಮಾಡೋದು ರೀಲನ್ನ ಬೆಳಕಿಗೆ ಹಿಡಿಯೋದು. ಸುತ್ತಿನ ಒಳಗಿಂದ ಬೆಳಕು ಮಬ್ಬಾಗಿ ಹಾಯ್ದು ಬಂದ್ರೆ ಅಸಿಟೇಟು. ಇದು ಯಾಕೆ ಮುಖ್ಯ ಅಂದ್ರೆ 70-80ರ ದಶಕದ ಕೆಲವು ಟೇಪುಗಳು ಅಂಟಂಟಾಗ್ತವೆ, ಅವನ್ನ 54 ಡಿಗ್ರಿ ಹತ್ರ ಗಂಟೆಗಟ್ಟಲೆ ಬಿಸಿ ಮಾಡಿದ್ರೆ ಒಂದಷ್ಟು ದಿನ ಸರಿ ಹೋಗ್ತವೆ, ಅದನ್ನ ಓದ್ಕೊಂಡು ಜನ ಹಳೇ ಟೇಪು ಕಂಡ್ರೆ ಸಾಕು ಒಲೆಗೆ ಇಡೋಕೆ ಹೋಗ್ತಾರೆ. ಅಸಿಟೇಟ್‌ಗೆ ಬಿಸಿ ತೋರ್ಸಿದ್ರೆ ಮುಗೀತು ಕತೆ. ಅಸಿಟೇಟ್‌ದು ಒಂದು ಒಳ್ಳೇ ಗುಣ ಅಂದ್ರೆ ಎಳೆದ್ರೆ ಹಿಗ್ಗಲ್ಲ, ಪಟ್ ಅಂತ ನೀಟಾಗಿ ಮುರಿಯತ್ತೆ, ಎರಡು ತುದಿ ಸೇರ್ಸಿ ಅಂಟ್ಸಿದ್ರೆ ಏನೂ ಆಗಿಲ್ಲ ಅನ್ನೋ ತರ ನುಡಿಯತ್ತೆ. ಪಾಲಿಯೆಸ್ಟರ್ ಹಂಗಲ್ಲ, ಚೂಯಿಂಗ್ ಗಮ್ ತರ ಎಳ್ಕೊಂಡು ಹೋಗಿ ಒಳಗಿರೋ ಸ್ವರಾನೂ ಎಳ್ದು ಬಿಡತ್ತೆ.

ಹಳೇ ಅಂಟುಗಳು ಒಂದೂ ಉಳಿದಿರ್ಲಿಲ್ಲ, ಗೋಂದೆಲ್ಲ ಒಣಗಿ ಪುಡಿ. ಪ್ರತಿ ಜಾಯಿಂಟನ್ನೂ ಬಿಡಿಸಿ, ಒರೆಸಿ, ಹೊಸದಾಗಿ ಅಂಟಿಸ್ತಾ ಕೂತೆ, ಏಳು ರೀಲಿಗೆ ಒಂದು ವಾರ ಹೋಯ್ತು. ಆಮೇಲೆ ಪ್ಲೇ ಒತ್ತಿದಾಗ ಮೊದಲು ಕೇಳಿದ್ದು ಮ್ಯೂಸಿಕ್ ಅಲ್ಲ, ಒಬ್ಬ ಮನುಷ್ಯನ ಬೇಜಾರಿನ ದನಿ, "ತ್ರೀ ಎಂ ಟೂ, ಟೇಕ್ ಫೋರ್" ಅಂತ. ಮೂರನೇ ರೀಲಿನ ಎರಡನೇ ಮ್ಯೂಸಿಕ್ಕು, ನಾಲ್ಕನೇ ಟೇಕು. ಹಿಂದೆ ಯಾರೋ ಕುರ್ಚಿ ಎಳೆದ್ರು, ಒಬ್ಬರು ಕೆಮ್ಮಿದ್ರು, ಆರ್ಕೆಸ್ಟ್ರಾ ನಡೆಸೋರ ಕಡ್ಡಿ ಸ್ಟ್ಯಾಂಡಿಗೆ ಎರಡು ಸಲ ತಟ್ಟಿತು, ಆಮೇಲೆ ಅಷ್ಟೂ ಚೆಲ್ಲೋ ಒಟ್ಟಿಗೆ ಕೆಳಗಿನ ಸ್ವರ ಹಿಡಿದ್ವು. ಗ್ಯಾರೇಜಲ್ಲಿ ಹೀಟರ್ ಆಫ್ ಮಾಡಿ ಕೂತಿದ್ದೆ, ಶಬ್ದ ಆಗಬಾರ್ದು ಅಂತ. ಚಳಿಗೋ ಏನೋ ಗೊತ್ತಿಲ್ಲ, ಕೈ ರೋಮ ಎದ್ದಿತ್ತು.

ಈಗ ನಿಜವಾದ ಗೋಳಿಗೆ ಬರ್ತೀನಿ. ಎಂಟನೇ ಟೇಪು ಇಲ್ಲ, ಅಂದ್ರೆ ಕೊನೇ ರೀಲುಗಳ ನಾಲ್ಕು ಕ್ಯೂ (ಒಂದೊಂದು ಜಾಗಕ್ಕೆ ಬರೆದ ಮ್ಯೂಸಿಕ್ ತುಂಡು) ಇಲ್ಲ, ಕ್ಲೈಮ್ಯಾಕ್ಸ್ ಕೂಡ ಅದ್ರಲ್ಲೇ. ಬದಲಿಗೆ ಸಿಕ್ಕಿದ್ದು ಮ್ಯೂಸಿಕ್ ಅಂಡ್ ಎಫೆಕ್ಟ್ಸ್ ಟ್ರ್ಯಾಕು, ಬೇರೆ ಭಾಷೆಗೆ ಡಬ್ ಮಾಡೋಕೆ ಅಂತ ಮಾತು ಬಿಟ್ಟು ಉಳಿದದ್ದೆಲ್ಲ ಇರೋದು. ಅದೂ ಫಿಲ್ಮ್ ಅಲ್ಲ, ಟಿವಿಗೆ ಅಂತ ಯಾವಾಗ್ಲೋ ವಿಡಿಯೋ ಟೇಪಿಗೆ ಹಾಕಿದ ಕಾಪಿ. ಅದನ್ನ ತಂದು ಏಳು ಟೇಪಿನ ಪಕ್ಕ ಜೋಡಿಸಿ ಕೇಳಿದೆ, ಏನೋ ಕಿರಿಕಿರಿ. ಅದೇ ಥೀಮು, ಆದ್ರೆ ಮೇಲಿದೆ. ಬೇರೆ ಶ್ರುತೀಲೇ ಬರೆದಿರ್ಬೋದು ಅಂತ ಮೊದಲು ಅಂದ್ಕೊಂಡೆ, ಕ್ಲೈಮ್ಯಾಕ್ಸ್ ಅಲ್ವಾ, ಅರ್ಧ ಸ್ವರ ಏರ್ಸೋದು ಮಾಮೂಲು. ಆದ್ರೆ ಅರ್ಧ ಸ್ವರಾನೂ ಅಲ್ಲ. ಒಂದು ಮನೆ ಶ್ರುತಿಯಿಂದ ಒಂದೂವರೆ ಮನೆಗೆ ಹೊರಟು ಮುಕ್ಕಾಲು ದಾರೀಲಿ ನಿಂತಂಗಿತ್ತು.

ಸಿನಿಮಾ ಥಿಯೇಟರಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡತ್ತೆ, ಇಲ್ಲಿನ ಟಿವಿ, ನಮ್ಮ ಇಂಡಿಯಾ ಟಿವಿ, ಆಗ ಎಲ್ಲ ಪಾಲ್ ಅನ್ನೋ ಸಿಸ್ಟಮ್ಮಲ್ಲಿ ಇದ್ವು, 25 ಫ್ರೇಮ್. ಟಿವಿಗೆ ಹಾಕೋವಾಗ ತಲೆ ಕೆಡಿಸ್ಕೊಳ್ಳದೆ 24ನ್ನೇ 25 ಮಾಡಿ ಓಡ್ಸಿ ಬಿಡ್ತಿದ್ರು, ಸಿನಿಮಾ ನಾಲ್ಕು ಪರ್ಸೆಂಟ್ ಫಾಸ್ಟು, ಶ್ರುತಿ ಸುಮಾರು 0.7 ಸೆಮಿಟೋನ್ ಮೇಲೆ, ಸೆಮಿಟೋನ್ ಅಂದ್ರೆ ಆ ಅರ್ಧ ಸ್ವರಾನೇ. 440 ಹರ್ಟ್ಜ್‌ನಲ್ಲಿ ಇರಬೇಕಾದ ಸ್ವರ 458ರಲ್ಲಿ ಇರತ್ತೆ. ಇದು ಗೊತ್ತಿರೋ ವಿಷಯಾನೇ, ಹಂಗಾಗಿ ಚೆಕ್ ಮಾಡೋಕೆ ಒಂದು ಉಪಾಯಾನೂ ಇದೆ. ಇಲ್ಲಿನ ಕರೆಂಟು 50 ಹರ್ಟ್ಜ್, ಹಳೇ ರೆಕಾರ್ಡಿಂಗ್ ಬಹಳಷ್ಟರಲ್ಲಿ ಅದರ ಗುಂಯ್ ಅನ್ನೋ ಶಬ್ದ ಸಣ್ಣಗೆ ಕೂತಿರತ್ತೆ. ಗ್ರಾಫಲ್ಲಿ ಆ ಗೆರೆ 50ರಲ್ಲೇ ಇದ್ರೆ ಸ್ಪೀಡು ಸರಿ, 52ಕ್ಕೆ ಹೋಗಿದ್ರೆ ನಾಲ್ಕು ಪರ್ಸೆಂಟ್ ಏರಿದೆ ಅಂತ.

ನೋಡಿದೆ. ಗೆರೆ ಸರಿಯಾಗಿ 50ರ ಮೇಲೆ. ಗಟ್ಟಿ ಗೆರೆ. ಅಂದ್ರೆ ಸ್ಪೀಡು ಸರಿ ಇದೆ, ಕಿವಿ ತಪ್ಪು ಅಂತ ತೀರ್ಮಾನ ಮಾಡಿ ಲೇಬಲ್‌ನವರಿಗೆ ಮೇಲ್ ಕೂಡ ಹಾಕಿಬಿಟ್ಟೆ, ದಡ್ಡತನ.

ಅಮ್ಮ ಸಂಗೀತ ಪಾಠ ಹೇಳೋರು, ನಲವತ್ತು ವರ್ಷದಿಂದ ತಂಬೂರಿ ಪಕ್ಕಾನೇ ಇರೋರು. ಭಾನುವಾರ ಫೋನ್ ಮಾಡ್ದಾಗ ಹಿಂದೆ ಎರಡೂ ಕ್ಯೂ ಒಂದಾದ ಮೇಲೊಂದು ಓಡ್ತಾ ಇತ್ತು. "ಏನೋ ಅದು, ಹಾಡೋರು ಮಧ್ಯದಲ್ಲಿ ಶ್ರುತಿ ಬಿಟ್ರಾ" ಅಂದ್ರು. ಹಾಡೋರು ಯಾರೂ ಇಲ್ಲಮ್ಮ, ಎರಡೂ ಬೇರೆ ಬೇರೆ ಟೇಪು, ಮಷೀನು ಸರಿ ಇದೆ ಅಂತಿದೆ ಅಂದೆ. "ಮಷೀನಿಗೆ ಏನು ಗೊತ್ತೋ, ಹೊಸದು ಹಳೇದು ಎರಡೂ ಕಲಸಿ ಕೊಟ್ರೆ ಅದು ಹೊಸದನ್ನೇ ತೋರ್ಸತ್ತೆ" ಅಂತ ಅಂದು ಅವರು ಪಕ್ಕದ ಮನೆ ಮದುವೆ ವಿಷಯಕ್ಕೆ ಹೋದ್ರು. ಅಮ್ಮಂಗೆ ಹರ್ಟ್ಜ್ ಗಿರ್ಟ್ಜ್ ಏನೂ ಗೊತ್ತಿಲ್ಲ, ಸುಮ್ನೆ ಹೇಳಿದ್ದು. ಆದ್ರೆ ಫೋನ್ ಇಟ್ಟ ಮೇಲೆ ನಂಗೆ ಹೊಳೀತು, ವಿಡಿಯೋಗೆ ಹಾಕಿದ ಮಷೀನೂ ಕರೆಂಟಲ್ಲೇ ಓಡಿದ್ದಲ್ವಾ, ಅದರ ಗುಂಯ್ ಬೇರೆ! ಗ್ರಾಫನ್ನ ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಆ ಗಟ್ಟಿ ಗೆರೆ ಮಗ್ಗುಲಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, 52ರ ಹತ್ರ ಇನ್ನೊಂದು. ಅದರ ಡಬಲ್ಲು 104ರಲ್ಲಿ. ಅದು 60ರ ದಶಕದ ಕರೆಂಟು. ಅದನ್ನ 50ಕ್ಕೆ ಇಳಿಸಿದೆ, ಹೊಸ ಗೆರೆ 48ಕ್ಕೆ ಬಿತ್ತು, ಪಿಟೀಲುಗಳು ಏಳು ಟೇಪಿನ ಪಿಟೀಲುಗಳ ಜೊತೆ ಬಂದು ಕೂತ್ವು.

ಅವತ್ತು ರಾತ್ರಿನೇ ಇನ್ನೊಂದು ತಲೆಗೆ ಬಂತು. ಮೈಸೂರಿನ ಆ ಕ್ಯಾಸೆಟ್ಟೂ ಪಾಲ್. ನನ್ನ ತಲೇಲಿ ಮೂವತ್ತು ವರ್ಷದಿಂದ ಕೂತಿರೋ ಡ್ರಾ-ಕು-ಲಾ ಕೂಡ ನಾಲ್ಕು ಪರ್ಸೆಂಟ್ ಮೇಲೇ ಇದೆ. ಸರಿಯಾದ ಶ್ರುತೀಲಿ ಕೇಳಿದ್ರೆ ಈಗ್ಲೂ ನಂಗೆ ಸ್ವಲ್ಪ ಸಪ್ಪೆ ಅನ್ಸತ್ತೆ, ಏನ್ ಮಾಡೋದು.

ಹಕ್ಕುಗಳ ವಿಷಯ ಬರೆದ್ರೆ ನಿಮಗೂ ನಂಗೂ ನಿದ್ದೆ ಬರತ್ತೆ. ಸಿನಿಮಾ ಒಬ್ಬರ ಕೈಲಿ, ಬರೆದ ಮ್ಯೂಸಿಕ್ ಇನ್ನೊಬ್ಬರ ಕೈಲಿ, ರೆಕಾರ್ಡಿಂಗ್ ಮೂರನೆಯವರ ಕೈಲಿ, ನುಡಿಸಿದವರಿಗೆ ಯೂನಿಯನ್ ಲೆಕ್ಕ, ಕಂಪೋಸರ್ ತೀರ್ಕೊಂಡ ಮೇಲೂ 70 ವರ್ಷ ಕಾಪಿರೈಟು. ಟೇಪ್ ರಿಪೇರಿ ನಾಲ್ಕು ತಿಂಗಳು, ಸಹಿಗಳು ಹದಿನಾಲ್ಕು ತಿಂಗಳು. ಅದನ್ನೆಲ್ಲ ಲೇಬಲ್ ಮಾಲೀಕರು ನೋಡ್ಕೊಂಡ್ರು, ಅವರ ತಾಳ್ಮೆಗೆ ಕೈ ಮುಗೀಬೇಕು.

ಅದೇ ಓಡಾಟದಲ್ಲಿ ಒಂದು ಲಾಭ ಆಯ್ತು, ಕಂಪೋಸರ್ ಮನೆಯವರ ಹತ್ರ ಪೆನ್ಸಿಲಲ್ಲಿ ಬರೆದ ಸ್ಕೆಚ್ ಹಾಳೆಗಳು ಇದ್ದವು. ಅಷ್ಟು ಹೊತ್ತಿಗೆ ನಾನು ಕ್ಲೈಮ್ಯಾಕ್ಸ್ ಕ್ಯೂ ಜೊತೆ ಒದ್ದಾಡ್ತಿದ್ದೆ. ಅದರ ಮೇಲೆ ಗುಡುಗು, ಬಾಗಿಲು, ಒಂದು ಕಿರುಚಾಟ, ಎಲ್ಲ ಇದೆ. ಈಗಿನ ಎಐ ಸಾಫ್ಟ್‌ವೇರು ಕಿರುಚಾಟವನ್ನ ಬೆಣ್ಣೆಯಿಂದ ಕೂದಲು ತೆಗೆದಂಗೆ ತೆಗೀತು, ಬಾಗಿಲೂ ಪರವಾಗಿಲ್ಲ. ಗುಡುಗು ತೆಗಿ ಅಂದ್ರೆ ಟಿಂಪನೀನೂ, ಅದೇ ಆರ್ಕೆಸ್ಟ್ರಾದ ದೊಡ್ಡ ನಗಾರೀನೂ, ತಗೊಂಡು ಹೋಯ್ತು. ಅದಕ್ಕೆ ಎರಡೂ ಒಂದೇ, ದೊಡ್ಡದಾಗಿ ಕೆಳಗೆ ಗುಡುಗುಡು ಅನ್ನೋದು. ಉಳಿದ ಜಾಗದಲ್ಲಿ ಪಿಟೀಲುಗಳು ನೆಲ ಇಲ್ದೆ ಗಾಳೀಲಿ ತೇಲ್ತಿದ್ವು. ಬೇರೆ ಕ್ಯೂನಿಂದ ಟಿಂಪನಿ ಎತ್ತಿ ತಂದು ಕೂರಿಸೋಕೂ ನೋಡಿದೆ, ಕೇಳೋರಿಗೆ ಗೊತ್ತಾಗ್ತಿರ್ಲಿಲ್ಲ, ನಂಗೆ ಗೊತ್ತಾಗ್ತಿತ್ತು.

ಆಮೇಲೆ ಸ್ಕೆಚ್ಚಿನ ಸ್ಕ್ಯಾನ್ ಬಂತು. ಆ ಕ್ಯೂನ ಕೊನೇ ಪುಟದಲ್ಲಿ ಎರಡು ಬಾರ್, ಅಂದ್ರೆ ತಾಳದ ಎರಡು ಸುತ್ತು, ಪೂರ್ತಿ ಖಾಲಿ, ಕೆಳಗಿನ ಸಾಲಲ್ಲಿ ಏನೂ ಇಲ್ಲ, ಬರೀ ಒಂದು ಅಲೆ ಗೆರೆ ಎಳೆದು ಪಕ್ಕದಲ್ಲಿ ಪೆನ್ಸಿಲಲ್ಲಿ ಇಂಗ್ಲಿಷಲ್ಲಿ 'ಗುಡುಗು' ಅಂತ ಬರೆದಿದ್ದಾರೆ, ಮುಂದೆ ಸೆಕೆಂಡ್ ಲೆಕ್ಕ. ಅಲ್ಲಿ ಟಿಂಪನೀನೇ ಇಲ್ಲ! ನಾನು ಮೂರು ವಾರ ಉಳಿಸೋಕೆ ಹೋರಾಡಿದ್ದ ಟಿಂಪನಿ, ಕನಿಷ್ಠ ಆ ಎರಡು ಬಾರಲ್ಲಿ, ಗುಡುಗೇ. ಅವರು ಜಾಗ ಬಿಟ್ಟು ಬರೆದಿದ್ರು, ಇಲ್ಲಿ ಎಫೆಕ್ಟ್ಸ್‌ನವರು ಹೊಡೀತಾರೆ, ನಾನು ಸುಮ್ನಿರ್ತೀನಿ ಅಂತ.

ಗುಡುಗನ್ನ ವಾಪಸ್ ಹಾಕಿದೆ. ಬಾಗಿಲನ್ನೂ ಹಾಕೋಣ ಅಂತ ಲೇಬಲ್‌ನವರು ಅಂದ್ರು, ಬೇಡ ಅಂದೆ, ಅದು ಸ್ಕೆಚ್ಚಲ್ಲಿ ಇಲ್ಲ.

ಐನೂರು ಸಿಡಿ ಒತ್ತಿಸಿದ್ವಿ. ಹತ್ತು ದಿನ ಆಗಿಲ್ಲ, ಒಬ್ಬರ ಮೇಲ್ ಬಂತು, 23ನೇ ಟ್ರ್ಯಾಕಲ್ಲಿ ಎರಡು ನಿಮಿಷ ಆದ ಮೇಲೆ ಏನೋ ದೊಡ್ಡ ಶಬ್ದ ಬರತ್ತೆ, ಡಿಸ್ಕ್ ಡಿಫೆಕ್ಟು, ಬೇರೆ ಕಳ್ಸಿ ಅಂತ. ಆ ಖಾಲಿ ಎರಡು ಬಾರಿನ ಸ್ಕ್ಯಾನನ್ನ ಅಟ್ಯಾಚ್ ಮಾಡಿ ಕಳ್ಸಿದೆ. ಉತ್ತರ ಇನ್ನೂ ಬಂದಿಲ್ಲ, ಸಿಡಿನೂ ವಾಪಸ್ ಬಂದಿಲ್ಲ.